ಚಳಿಗೆ ಹುಟ್ಟುವ ಮೆಣಸಿನ ಘಮ

ಕಾಳುಮೆಣಸಿನ ಖಾರಕ್ಕೆ ಪೈಪರಿನ್ ಎಂಬ ವಸ್ತು ಕಾರಣ ಎಂದು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ 1819ರಲ್ಲೇ ಕಂಡುಕೊಂಡಿದ್ದ. ವಿದ್ಯುತ್ತಿಗೂ ಅಯಸ್ಕಾಂತಕ್ಕೂ ನಂಟಿದೆ ಎಂದು ಮರುವರ್ಷ ತೋರಿಸಿಕೊಟ್ಟನಲ್ಲ, ಅದೇ ಅರ್ಸ್ಟೆಡ್. ಖಾರದ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು. ಆದರೆ ಕುಟ್ಟಾಣಿಯಲ್ಲಿ ನಾಲ್ಕು ಕಾಳು ಜಜ್ಜಿದ ಕೂಡಲೇ ಮೂಗಿಗೆ ಬಡಿಯುವ ಆ ಘಮ? ಅದು ಪೈಪರಿನ್ ಅಲ್ಲ. ಮೆಣಸಿನ ಎಣ್ಣೆಯಲ್ಲಿ ಪೈನೀನ್, ಲಿಮೊನೀನ್ ಎಂದು ಹತ್ತಾರು ಸುಗಂಧ ವಸ್ತುಗಳನ್ನು ರಸಾಯನಶಾಸ್ತ್ರಜ್ಞರು ಪಟ್ಟಿ ಮಾಡಿಟ್ಟಿದ್ದರು. ಯಾವುದನ್ನು ಒಂಟಿಯಾಗಿ ಮೂಸಿದರೂ ‘ಹೌದು, ಇದೇ ಮೆಣಸು’ ಅನ್ನುವಂತಿರಲಿಲ್ಲ. ಹಡಗುಗಟ್ಟಲೆ ಸಾಗಿಸಿದ, ಸಮುದ್ರದ ದಾರಿಗಳಿಗಾಗಿ ಹೊಡೆದಾಡಿದ ಸಂಬಾರ ಪದಾರ್ಥ ಅದು. ಅದರ ಘಮಕ್ಕೆ ಜೀವ ಕೊಡುವ ಅಣು ಯಾವುದೆಂದು ಗೊತ್ತಾದದ್ದು 2008ರಲ್ಲಿ. ಗೊತ್ತು ಮಾಡಿಕೊಟ್ಟವರು ಮೆಣಸಿನ ಪಂಡಿತರಲ್ಲ, ಆಸ್ಟ್ರೇಲಿಯಾದ ವೈನ್ ಸಂಶೋಧಕರು.

ಅಡಿಲೇಡಿನ ಆಸ್ಟ್ರೇಲಿಯನ್ ವೈನ್ ರಿಸರ್ಚ್ ಇನ್‌ಸ್ಟಿಟ್ಯೂಟಿನವರ ತಲೆಬಿಸಿ ಬೇರೆಯೇ ಇತ್ತು. ಶಿರಾಜ್ ಎಂಬ ಕಪ್ಪುದ್ರಾಕ್ಷಿಯ ವೈನಿನಲ್ಲಿ, ಅದರಲ್ಲೂ ಚಳಿ ಸೀಮೆಯ ತೋಟದ್ದಾದರೆ, ಕರಿಮೆಣಸಿನ ಘಮ ಎದ್ದು ಬರುತ್ತದೆ. ಯಾರೂ ಮೆಣಸು ಬೆರೆಸಿರುವುದಿಲ್ಲ. ವೈನ್ ರುಚಿ ನೋಡಿ ಬರೆಯುವವರ ಭಾಷೆ ಸಾಮಾನ್ಯವಾಗಿ ಅರ್ಧ ಕವಿತೆ, ಅರ್ಧ ಗಾಳಿಮಾತು. ‘ಹಳೆಯ ಚರ್ಮದ ಕುರ್ಚಿ’, ‘ಮಳೆಯಲ್ಲಿ ನೆನೆದ ಕಲ್ಲು’ ಎಂದೆಲ್ಲ ಓದಿ ನಕ್ಕು ಸುಮ್ಮನಾಗಬಹುದು. ಮೆಣಸಿನ ಮಾತು ಹಾಗಲ್ಲ ಎಂಬ ಅನುಮಾನ ಈ ಸಂಶೋಧಕರಿಗಿತ್ತು. ವೈನನ್ನು ವರ್ಷಗಟ್ಟಲೆ ಜಾಲಾಡಿದರೂ ಅಣು ಕೈಗೆ ಸಿಗಲಿಲ್ಲ. ವೈನ್ ಬಿಟ್ಟು ಹಣ್ಣನ್ನೇ ಕೈಗೆತ್ತಿಕೊಂಡ ಮೇಲೆ ಜಾಡು ಸಿಕ್ಕಿತು. ಸಿಕ್ಕ ವಸ್ತುವಿನ ಹೆಸರು ರೊಟಂಡೋನ್. ಅದನ್ನೇ ಹಿಡಿದುಕೊಂಡು ನಿಜವಾದ ಮೆಣಸನ್ನು ಪರೀಕ್ಷಿಸಿದರೆ ಅಲ್ಲಿಯೂ ಅದೇ ಅಣು ಇತ್ತು, ವೈನಿನಲ್ಲಿರುವುದಕ್ಕಿಂತ ಸಾವಿರಾರು ಪಟ್ಟು ಹೆಚ್ಚಾಗಿ.

ರೊಟಂಡೋನ್ ಪೂರ್ತಿ ಹೊಸದೇನೂ ಆಗಿರಲಿಲ್ಲ. ನಮ್ಮ ಹೊಲಗದ್ದೆಗಳಲ್ಲಿ ಎಷ್ಟು ಕಿತ್ತರೂ ಮತ್ತೆ ಚಿಗುರುವ ಕೊನ್ನಾರಿ ಗಡ್ಡೆ ಇದೆಯಲ್ಲ, ಭದ್ರಮುಷ್ಟಿ ಎಂದು ಗಂಧಿಗೆ ಅಂಗಡಿಯಲ್ಲಿ ಮಾರುವುದು, ಅದರ ಸಸ್ಯಶಾಸ್ತ್ರೀಯ ಹೆಸರು ಸೈಪರಸ್ ರೊಟಂಡಸ್. ಅದರ ಗಡ್ಡೆಯಲ್ಲಿ ಈ ವಸ್ತು ಇದೆ ಎಂದು 1960ರ ದಶಕದಲ್ಲೇ ಗುರುತಿಸಿ, ಆ ಗಿಡದ ಹೆಸರನ್ನೇ ಇಟ್ಟು, ಮರೆತುಬಿಟ್ಟಿದ್ದರು. ಮಲ್ಲಿಗೆಯ ಜೊತೆ ದಂಡೆಗೆ ಸೇರಿಸಿ ಕಟ್ಟುವ ಮರುಗದಲ್ಲೂ ಅದು ಇದೆ. ಅಂದರೆ ಕನ್ನಡದ ಮೂಗಿಗೆ ಈ ಘಮ ಮೂರು ದಿಕ್ಕಿನಿಂದ ಮೊದಲೇ ಪರಿಚಿತ. ವೈನಿನ ದಾರಿ ನಾಲ್ಕನೆಯದು.

ಅಣುವಿನ ಶಕ್ತಿ ನೋಡಿ. ಒಂದು ಲೀಟರ್ ಕೆಂಪು ವೈನಿನಲ್ಲಿ 16 ನ್ಯಾನೊಗ್ರಾಂ ಇದ್ದರೆ ಸಾಕು, ಮೂಗು ಹಿಡಿಯುತ್ತದೆ. ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ಲೆಕ್ಕ ಹಾಕಿದರೆ ಒಂದೇ ಒಂದು ಗ್ರಾಂ ರೊಟಂಡೋನ್ ಆರು ಕೋಟಿ ಲೀಟರಿಗೂ ಹೆಚ್ಚು ವೈನಿಗೆ ಮೆಣಸಿನ ಸುಳಿವು ಕೊಡಬಲ್ಲದು. ಇದರಲ್ಲೊಂದು ತಮಾಷೆಯೂ ಉಂಟು. ಅದೇ ಸಂಶೋಧನೆಯಲ್ಲಿ ಮೂಸಲು ಕೂರಿಸಿದವರಲ್ಲಿ ಸುಮಾರು ಐವರಿಗೊಬ್ಬರಿಗೆ ಈ ವಾಸನೆ ಏನು ಮಾಡಿದರೂ ತಿಳಿಯಲಿಲ್ಲ. ಪ್ರಮಾಣವನ್ನು ನೂರಾರು ಪಟ್ಟು ಏರಿಸಿದರೂ ಅವರಿಗೆ ಅದು ಬರಿಯ ನೀರು. ಒಂದೇ ಬಾಟಲಿ ಹಂಚಿಕೊಂಡ ಇಬ್ಬರಲ್ಲಿ ಒಬ್ಬರು ‘ಎಂಥಾ ಮೆಣಸು!’ ಎಂದು ಕಣ್ಣರಳಿಸಿ, ಇನ್ನೊಬ್ಬರು ‘ಯಾವ ಮೆಣಸು?’ ಎಂದು ಹುಬ್ಬೇರಿಸಿದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ದುಬಾರಿ ಸಿರಾಕ್ಕೆ ದುಡ್ಡು ಸುರಿಯುವ ಮೊದಲು ತಾನು ಆ ಐದನೆಯವನೇ ಎಂದು ತಿಳಿದುಕೊಳ್ಳುವುದು ಜಾಣತನ.

ಸಿರಾ, ಶಿರಾಜ್ ಎರಡೂ ಒಂದೇ ಬಳ್ಳಿ. ಫ್ರಾನ್ಸಿನವರು ಮೊದಲನೆಯದನ್ನು ಬಳಸುತ್ತಾರೆ, ಆಸ್ಟ್ರೇಲಿಯಾದವರು ಎರಡನೆಯದನ್ನು. ಈಚೆಗೆ ಚಳಿ ಸೀಮೆಯವರು ತಮ್ಮದು ಬೇರೆ ಶೈಲಿ ಎಂದು ಸಾರಲು ಆಸ್ಟ್ರೇಲಿಯಾದಲ್ಲೇ ಸಿರಾ ಎಂದು ಚೀಟಿ ಅಂಟಿಸುವುದೂ ಇದೆ. ಇರಾನಿನ ಶಿರಾಜ್ ನಗರದಿಂದ ಯಾರೋ ಬಳ್ಳಿ ತಂದರು ಎಂಬ ಕಥೆ ಬಹಳ ಕಾಲ ಓಡಿತು. 1998ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಕ್ಯಾರೊಲ್ ಮೆರೆಡಿತ್ ತಂಡ ಮತ್ತು ಫ್ರಾನ್ಸಿನ ಮಾಂಪೆಲಿಯೆ ವಿಜ್ಞಾನಿಗಳು ಡಿಎನ್‌ಎ ಪರೀಕ್ಷೆ ಮಾಡಿ ಕಥೆಗೆ ತೆರೆ ಎಳೆದರು. ತಂದೆತಾಯಿ ಎರಡೂ ಆಗ್ನೇಯ ಫ್ರಾನ್ಸಿನ ಅಷ್ಟೇನೂ ಹೆಸರಿಲ್ಲದ ತಳಿಗಳು, ದ್ಯುರೇಜಾ ಮತ್ತು ಮೊಂದ್ಯೂಜ್ ಬ್ಲಾಂಶ್. ಮನೆ ರೋನ್ ನದಿಯ ಕಣಿವೆಯ ಆಸುಪಾಸು. ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಹೋದದ್ದು 1832ರಲ್ಲಿ, ಜೇಮ್ಸ್ ಬಸ್ಬಿ ಯೂರೋಪು ಸುತ್ತಿ ಕಟ್ಟಿ ತಂದ ಬಳ್ಳಿಯ ತುಂಡುಗಳ ಗಂಟಿನಲ್ಲಿ.

ಆಸ್ಟ್ರೇಲಿಯಾದಲ್ಲಿ ಶಿರಾಜ್ ಹೆಸರು ಮಾಡಿದ್ದು ಬಿಸಿಲಿನಿಂದ. ಬರೋಸಾ ಕಣಿವೆಯ ಹಣ್ಣು ಪೂರ್ತಿ ಕಳಿತು, ಸಕ್ಕರೆ ತುಂಬಿ, ದಪ್ಪಗೆ ಮಸಿಬಣ್ಣದ ವೈನ್ ಕೊಡುತ್ತದೆ. ಪೆನ್‌ಫೋಲ್ಡ್ಸ್ ಕಂಪನಿಯ ಮ್ಯಾಕ್ಸ್ ಶುಬರ್ಟ್ 1951ರಲ್ಲಿ ಪ್ರಯೋಗಕ್ಕೆಂದು ಮಾಡಿದ ಗ್ರೇಂಜ್ ಈ ಪರಂಪರೆಯ ಪಟ್ಟದಾನೆ. 1990ರ ದಶಕದಲ್ಲಿ ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್ ಇಂಥ ವೈನುಗಳಿಗೆ ಅಂಕಗಳನ್ನು ಸುರಿದ; ಬೆಳೆಗಾರರು ಹಣ್ಣನ್ನು ಇನ್ನಷ್ಟು ದಿನ ಬಳ್ಳಿಯಲ್ಲೇ ಬಿಟ್ಟರು. ಆಲ್ಕೋಹಾಲ್ ಶೇ 15 ದಾಟಿತು, ಲೋಟದಲ್ಲಿ ಜಾಮಿನ ವಾಸನೆ ಬಂತು. ನನಗೆ ಆ ಬಗೆಯದು ಎರಡು ಗುಟುಕಿಗೆ ಸಾಕೆನಿಸುತ್ತದೆ. ಅದು ಚೆನ್ನಾಗಿಲ್ಲ ಎಂದಲ್ಲ. ಊಟದ ಪಕ್ಕದಲ್ಲಿ ಕೂರುವ ಸ್ವಭಾವ ಅದಕ್ಕಿಲ್ಲ, ತಾನೇ ಊಟವಾಗಲು ಹವಣಿಸುತ್ತದೆ.

ಇದಕ್ಕೆ ಎದುರಾಗಿ ನಿಂತ ಬಾಟಲಿಗಳಲ್ಲಿ ಒಂದರ ಕಥೆ ಹೇಳಬೇಕು. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಮರಂಬೇಟ್‌ಮನ್ ಎಂಬ ಸಣ್ಣ ಊರಿದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಕಡಲ ಗಾಳಿ ಸುಲಭವಾಗಿ ತಲುಪದ ಒಳನಾಡು. ರಾಜಧಾನಿ ಪ್ರದೇಶದ ಒಳಗೆ ನೆಲವನ್ನು ಗುತ್ತಿಗೆಗೆ ಕೊಡುತ್ತಾರೆಯೇ ಹೊರತು ಖಾಯಂ ಒಡೆತನಕ್ಕಲ್ಲ. ಹೀಗಾಗಿ ‘ಕ್ಯಾನ್‌ಬೆರಾ ವೈನ್’ ಎನಿಸಿಕೊಂಡದ್ದರ ಬಹುಪಾಲು ಗಡಿಯಾಚೆಯ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಬೆಳೆಯುತ್ತದೆ. ಇಲ್ಲಿ 1971ರಲ್ಲಿ ಜಾನ್ ಕರ್ಕ್ ಎಂಬ ವಿಜ್ಞಾನಿ 44 ಎಕರೆ ಜಮೀನು ಕೊಂಡ. ಆಸ್ಟ್ರೇಲಿಯಾ ಸರ್ಕಾರದ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒದಲ್ಲಿ ಆತನ ಕೆಲಸ. ಕೆರೆ, ಕಡಲುಗಳ ನೀರಿನೊಳಗೆ ಬೆಳಕು ಎಷ್ಟು ಆಳಕ್ಕೆ ಇಳಿಯುತ್ತದೆ, ಅದನ್ನು ಸಸ್ಯಗಳು ಹೇಗೆ ಉಣ್ಣುತ್ತವೆ ಎಂಬುದರ ಮೇಲೆ ಆತ ಬರೆದ ಪುಸ್ತಕವನ್ನು ಆ ಶಾಖೆಯವರು ಇಂದಿಗೂ ತೆರೆದು ನೋಡುತ್ತಾರೆ. ಜಮೀನಿಗೆ ಐರ್ಲೆಂಡಿನ ಕ್ಲೇರ್ ಸೀಮೆಯಲ್ಲಿದ್ದ ತನ್ನ ಅಜ್ಜನ ಹೊಲದ ಹೆಸರಿಟ್ಟ: ಕ್ಲೊನಕಿಲ್ಲ. ಮೊದಲು ನೆಟ್ಟದ್ದು ಕ್ಯಾಬರ್ನೆ ಮತ್ತು ರೀಸ್ಲಿಂಗ್ ದ್ರಾಕ್ಷಿ. ಮರುವರ್ಷ ಶಿರಾಜ್. ಮೊದಲ ವೈನ್ 1976ರಲ್ಲಿ ಬಂತು.

ವಾರದ ದಿನಗಳಲ್ಲಿ ಪ್ರಯೋಗಶಾಲೆ, ರಜೆ ಬಂದರೆ ತೋಟ, ಮಕ್ಕಳೇ ಕೂಲಿಯಾಳುಗಳು. ಶಿರಾಜ್ ಹಣ್ಣಿಗೆ ಬಹಳ ಕಾಲ ತನ್ನದೇ ಬಾಟಲಿ ಕೂಡ ಇರಲಿಲ್ಲ. ಕ್ಯಾಬರ್ನೆಯ ಜೊತೆ ಬೆರೆತು ಹೋಗುತ್ತಿತ್ತು. ಒಂಟಿ ಶಿರಾಜ್ ಮಾಡಿದ್ದು 1990ರಲ್ಲಿ. ಅದರ ಮರುವರ್ಷ, ಮೆಲ್ಬರ್ನಿನಲ್ಲಿ ಶಾಲಾ ಮೇಷ್ಟರಾಗಿದ್ದ ಮಗ ಟಿಮ್ ಕರ್ಕ್ ಫ್ರಾನ್ಸಿಗೆ ಹೋದ. ಉತ್ತರ ರೋನ್ ಕಣಿವೆಯ ಆಂಪ್ವಿ ಊರಿನಲ್ಲಿ ಮಾರ್ಸೆಲ್ ಗಿಗಾಲ್ ಅವರ ನೆಲಮಾಳಿಗೆಯಲ್ಲಿ ಕೋತ್-ರೋತಿ ವೈನುಗಳನ್ನು ಪೀಪಾಯಿಯಿಂದಲೇ ತೆಗೆದು ಕುಡಿದು ನೋಡಿದ. ಕೋತ್-ರೋತಿ ಎಂದರೆ ನದಿಯ ದಂಡೆಯಲ್ಲಿ ಗೋಡೆಯಂತೆ ಎದ್ದು ನಿಂತ ಬೆಟ್ಟದ ಮೈ. ಕಲ್ಲುಕಟ್ಟೆ ಕಟ್ಟಿ ಪಟ್ಟೆಪಟ್ಟೆಯಾಗಿ ಮಾಡಿಕೊಂಡ ನೆಲದಲ್ಲಿ ಬಳ್ಳಿ. ಅಲ್ಲಿ ಟಿಮ್‌ಗೆ ಸಿಕ್ಕಿದ್ದು ದಪ್ಪ ಶಿರಾಜ್ ಅಲ್ಲ. ಹೂವಿನ ಕಂಪು, ಮೆಣಸು, ನಾಲಗೆಯ ಮೇಲೆ ರೇಷ್ಮೆಯಂತೆ ಜಾರುವ ಹದ. ಅದರ ಹಿಂದಿನ ಗುಟ್ಟೂ ತಿಳಿಯಿತು: ಅಲ್ಲಿನವರು ಕೆಂಪು ಸಿರಾದ ಜೊತೆಗೆ ವಿಯೊನಿಯೇ ಎಂಬ ಬಿಳಿದ್ರಾಕ್ಷಿಯನ್ನೂ ಸ್ವಲ್ಪ ಸೇರಿಸಿ ಒಟ್ಟಿಗೇ ಹುದುಗು ಹಾಕುತ್ತಾರೆ.

ಅದೃಷ್ಟ ನೋಡಿ, ತಂದೆ 1986ರಲ್ಲೇ ಕುತೂಹಲಕ್ಕೆಂದು ವಿಯೊನಿಯೇ ನೆಟ್ಟಿದ್ದ. ಆ ಹೊತ್ತಿಗೆ ಆಸ್ಟ್ರೇಲಿಯಾದಲ್ಲಿ ಆ ಬಳ್ಳಿಯನ್ನು ಕಂಡವರೇ ಕಡಿಮೆ. ಮಗ ಊರಿಗೆ ಬಂದ ಮೇಲೆ, 1992ರಲ್ಲಿ, ಕ್ಲೊನಕಿಲ್ಲದ ಮೊದಲ ಶಿರಾಜ್–ವಿಯೊನಿಯೇ ಹೊರಬಂತು. 1990ರ ದಶಕ ಮುಗಿಯುವ ಮೊದಲೇ ಟಿಮ್ ಮೇಷ್ಟರ ಕೆಲಸ ಬಿಟ್ಟು ತೋಟಕ್ಕೇ ಬಂದು ನಿಂತ. ಆಸ್ಟ್ರೇಲಿಯಾದ ಹರಾಜು ಸಂಸ್ಥೆ ಲ್ಯಾಂಗ್ಟನ್ಸ್ ತನ್ನ ದೇಶದ ಶ್ರೇಷ್ಠ ವೈನುಗಳ ವರ್ಗೀಕರಣ ಮಾಡುತ್ತದೆ. ಗ್ರೇಂಜ್‌ನಂಥ ದೈತ್ಯರ ಸಾಲಿನಲ್ಲಿ ಈ ಹಳ್ಳಿಯ ಬಾಟಲಿಯೂ ಮೇಲಿನ ದರ್ಜೆಗೆ ಏರಿತು. ನಂತರ ಆ ದೇಶದಲ್ಲಿ ಶಿರಾಜ್–ವಿಯೊನಿಯೇ ಮಾಡುವುದು ಒಂದು ಗೀಳಾಯಿತು. ಬಿಸಿಲು ಸೀಮೆಯವರೂ ದಪ್ಪ ಶಿರಾಜಿಗೆ ವಿಯೊನಿಯೇ ಸುರಿದು ಏಪ್ರಿಕಾಟ್ ಪಾನಕದ ವಾಸನೆ ಬರಿಸಿದರು. ಗೀಳು ಬೇಗ ಇಳಿದದ್ದು ಒಳ್ಳೆಯದಾಯಿತು.

ಬಿಳಿದ್ರಾಕ್ಷಿ ಸೇರಿಸಿದರೆ ಕೆಂಪು ವೈನ್ ತಿಳಿಯಾಗಬೇಕಲ್ಲವೇ? ಸ್ವಲ್ಪವೇ ಸೇರಿಸಿದಾಗ ಬಣ್ಣ ಗಾಢವಾಗುವುದೂ ಉಂಟು. ಕೆಂಪು ದ್ರಾಕ್ಷಿಯ ಸಿಪ್ಪೆಯ ಬಣ್ಣ ಆಂಥೊಸಯನಿನ್ ಎಂಬ ವಸ್ತುಗಳದ್ದು. ಹೊಸ ವೈನಿನಲ್ಲಿ ಅವುಗಳಲ್ಲಿ ಹೆಚ್ಚಿನವು ಬಣ್ಣ ತೋರದ ರೂಪದಲ್ಲಿ ಅಡಗಿರುತ್ತವೆ. ಬಿಳಿದ್ರಾಕ್ಷಿಯ ಸಿಪ್ಪೆಯಲ್ಲಿರುವ, ತಮಗೆ ಬಣ್ಣವಿಲ್ಲದ ಕೆಲವು ಫೀನಾಲ್‌ಗಳು ಈ ಅಣುಗಳ ಮೈಗೆ ಒತ್ತಿಕೊಂಡು ಪದರಪದರವಾಗಿ ಕೂರುತ್ತವೆ. ಆಗ ಬಣ್ಣ ಕಾಣುವ ರೂಪ ಗಟ್ಟಿಯಾಗಿ ನಿಲ್ಲುತ್ತದೆ, ನೇರಳೆಯತ್ತ ವಾಲುತ್ತದೆ. ಈ ಜೋಡಣೆ ಆಗಬೇಕಾದರೆ ಎರಡೂ ಹಣ್ಣು ಒಂದೇ ತೊಟ್ಟಿಯಲ್ಲಿ ಒಟ್ಟಿಗೆ ಹುದುಗಬೇಕು. ಆಮೇಲೆ ಎರಡು ವೈನ್ ಬೆರೆಸಿದರೆ ಅದೇ ಫಲ ಸಿಗುವುದಿಲ್ಲ. ಕೋತ್-ರೋತಿಯ ಕಾನೂನು ಶೇ 20ರವರೆಗೂ ವಿಯೊನಿಯೇಗೆ ಅವಕಾಶ ಕೊಡುತ್ತದೆ, ಆದರೆ ಅಷ್ಟು ಹಾಕುವವರನ್ನು ಹುಡುಕಬೇಕು. ಕ್ಲೊನಕಿಲ್ಲದಲ್ಲಿ ಅದು ನೂರಕ್ಕೆ ಐದಾರರ ಆಸುಪಾಸು. ಅದಕ್ಕಿಂತ ಹೆಚ್ಚಾದರೆ ಬಣ್ಣದ ಲಾಭ ಕರಗಿ, ಬರಿಯ ಸುಗಂಧದ ಗದ್ದಲ ಉಳಿಯುತ್ತದೆ.

ಈಗ ಚಳಿಯ ವಿಷಯಕ್ಕೆ ಬರೋಣ, ಏಕೆಂದರೆ ಬೆಲೆ ಕೊಡುವುದು ಅದಕ್ಕೇ. ರೊಟಂಡೋನ್ ದ್ರಾಕ್ಷಿಯ ರಸದಲ್ಲಿ ಇರುವುದಿಲ್ಲ, ಸಿಪ್ಪೆಯಲ್ಲಿ ಇರುತ್ತದೆ. ಅದೂ ಕಾಯಿ ಹಸಿರಾಗಿದ್ದಾಗ ಅಲ್ಲ, ಬಣ್ಣ ತಿರುಗಿ ಹಣ್ಣಾಗುತ್ತ ಬಂದ ಕೊನೆಯ ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಗೊಂಚಲಿನ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ದಾಟಿದ ಗಂಟೆಗಳು ಹೆಚ್ಚಿದಷ್ಟೂ ರೊಟಂಡೋನ್ ಕಡಿಮೆಯಾಗುತ್ತದೆ ಎಂದು ಆಸ್ಟ್ರೇಲಿಯಾದ ಅಧ್ಯಯನಗಳು ಹೇಳುತ್ತವೆ. ವಿಕ್ಟೋರಿಯಾ ರಾಜ್ಯದ ಮೌಂಟ್ ಲ್ಯಾಂಗಿ ಗಿರಾನ್ ತೋಟದಲ್ಲಿ ಸಂಶೋಧಕರು ಅಳೆದು ನೋಡಿದಾಗ, ಒಂದೇ ತೋಟದ ಒಂದು ಮೂಲೆಗೂ ಇನ್ನೊಂದು ಮೂಲೆಗೂ ಹಲವು ಪಟ್ಟು ವ್ಯತ್ಯಾಸ ಕಂಡಿತು. ಬಿಸಿಲು ನೇರ ಬೀಳದ ಇಳಿಜಾರಿನಲ್ಲಿ ಮೆಣಸು ಜಾಸ್ತಿ. ಒಂದೇ ಗೊಂಚಲಿನಲ್ಲೂ ನೆರಳಿನ ಬದಿಯ ಹಣ್ಣಿನಲ್ಲಿ ಜಾಸ್ತಿ, ಬಿಸಿಲಿಗೆ ಮುಖ ಮಾಡಿದ್ದರಲ್ಲಿ ಕಡಿಮೆ. ಎಲೆ ಕಿತ್ತು ಗೊಂಚಲಿಗೆ ಬಿಸಿಲು ಬಿಡುವುದು ಎಲ್ಲ ದ್ರಾಕ್ಷಿ ಬೆಳೆಗಾರರೂ ಕಲಿತ ಪಾಠ. ಮೆಣಸು ಬೇಕೆಂದವರು ಆ ಪಾಠವನ್ನು ಅರ್ಧ ಮರೆಯಬೇಕಾಗುತ್ತದೆ.

ಚಳಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಹಣ್ಣಿನೊಳಗಿನ ಮ್ಯಾಲಿಕ್ ಆಮ್ಲ, ಅಂದರೆ ಸೇಬಿನ ಹುಳಿ, ಬಿಸಿಲಿಗೆ ಬೇಗ ಉರಿದುಹೋಗುತ್ತದೆ. ರಾತ್ರಿ ತಣ್ಣಗಿದ್ದರೆ ಉಳಿಯುತ್ತದೆ. ಸಕ್ಕರೆ ನಿಧಾನವಾಗಿ ಏರುವುದರಿಂದ ಆಲ್ಕೋಹಾಲ್ ಮಿತಿ ಮೀರುವ ಮೊದಲೇ ಸಿಪ್ಪೆ, ಬೀಜ, ಘಮ ಎಲ್ಲವೂ ಮಾಗಲು ಸಮಯ ಸಿಗುತ್ತದೆ. ಕೆಲವರು ಒಂದು ಪಾಲು ಗೊಂಚಲನ್ನು ಬಿಡಿಸದೆ ತೊಟ್ಟಿನ ಸಮೇತ ತೊಟ್ಟಿಗೆ ಹಾಕಿ ಹುದುಗಿಸುತ್ತಾರೆ. ತೊಟ್ಟು ಚೆನ್ನಾಗಿ ಬಲಿತಿದ್ದರೆ ಒಣಹುಲ್ಲು, ಸೊಪ್ಪಿನ ಒಂದು ತೆಳು ಪರಿಮಳ ಸೇರುತ್ತದೆ. ಬಲಿಯದಿದ್ದರೆ ಹಸಿ ಒಗರು ಬಂದು ಇಡೀ ತೊಟ್ಟಿ ಕೆಡುತ್ತದೆ. ಇಂಥ ತೀರ್ಮಾನಗಳನ್ನು ಸಣ್ಣ ವೈನರಿಯಲ್ಲಿ ಒಬ್ಬನೇ ಮನುಷ್ಯ ಹಣ್ಣು ಬಾಯಿಗೆ ಹಾಕಿ, ಬೀಜ ಕಡಿದು ನೋಡಿ ಮಾಡುತ್ತಾನೆ. ಹತ್ತು ಊರಿನ ಹಣ್ಣನ್ನು ಲಾರಿಯಲ್ಲಿ ತರಿಸಿ ಒಟ್ಟು ಮಾಡುವ ದೊಡ್ಡ ಕಂಪನಿಗೆ ತೋಟದ ನೆರಳಿನ ಮೂಲೆಯನ್ನು ಬೇರೆ ಕೊಯ್ದು ಬೇರೆ ಹುದುಗಿಸುವಷ್ಟು ಪುರುಸೊತ್ತಿಲ್ಲ. ಸಣ್ಣದು ಎಂಬುದರಲ್ಲಿ ಪ್ರಣಯವೇನೂ ಇಲ್ಲ, ಉಪಯೋಗ ಇಷ್ಟೇ.

ಅದೇ ಚಳಿ ಕೊಡಲಿಯೂ ಹೌದು. ಮರಂಬೇಟ್‌ಮನ್ನಿನಲ್ಲಿ ವಸಂತ ಬರುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಹೊಸ ಚಿಗುರು ಒಡೆದ ಮೇಲೆ ಒಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿತೆಂದರೆ ಬೆಳಗಾಗುವಷ್ಟರಲ್ಲಿ ಚಿಗುರು ಸುಟ್ಟಂತೆ ಕರಿಕಾಗುತ್ತದೆ. ಆ ವರ್ಷದ ಬೆಳೆಯಲ್ಲಿ ಎಷ್ಟೋ ಪಾಲು ಅಲ್ಲಿಗೆ ಹೋಯಿತು. ತಡವಾಗಿ ಮಾಗುವ ತೋಟಕ್ಕೆ ಶರತ್ಕಾಲದ ಮಳೆಯ ಭಯ ಬೇರೆ. ಇನ್ನು 2019–20ರ ಬೇಸಿಗೆಯ ಕಾಡ್ಗಿಚ್ಚು. ಕ್ಯಾನ್‌ಬೆರಾ ನಗರ ವಾರಗಟ್ಟಲೆ ಹೊಗೆಯಲ್ಲಿ ಮುಳುಗಿತ್ತು. ಬೆಂಕಿ ತೋಟದ ಹತ್ತಿರ ಸುಳಿಯದಿದ್ದರೂ ಹೊಗೆಯೊಂದೇ ಸಾಕು. ಹೊಗೆಯಲ್ಲಿರುವ ಗ್ವಾಯಕಾಲ್‌ನಂಥ ವಸ್ತುಗಳು ಸಿಪ್ಪೆಯ ಮೂಲಕ ಒಳಹೊಕ್ಕು ಹಣ್ಣಿನ ಸಕ್ಕರೆಯ ಜೊತೆ ಗಂಟು ಹಾಕಿಕೊಳ್ಳುತ್ತವೆ. ಹಣ್ಣು ತಿಂದರೆ ಏನೂ ಗೊತ್ತಾಗದಿರಬಹುದು. ಹುದುಗುವಾಗ, ಬಾಟಲಿಯಲ್ಲಿ ಇದ್ದಾಗ, ಕೆಲವೊಮ್ಮೆ ಕುಡಿಯುವವರ ಬಾಯಿಯಲ್ಲೇ ಆ ಗಂಟು ಬಿಚ್ಚಿ, ತಣಿದ ಒಲೆಯ ಬೂದಿ ನೆಕ್ಕಿದ ರುಚಿ ಬರುತ್ತದೆ. ಕ್ಲೊನಕಿಲ್ಲ 2020ರಲ್ಲಿ ತನ್ನ ತೋಟದ ಹಣ್ಣಿನಿಂದ ವೈನ್ ಮಾಡುವುದಿಲ್ಲ ಎಂದು ತೀರ್ಮಾನಿಸಿತು. ಒಂದಿಡೀ ವರ್ಷ. ಒಂದೇ ಊರಿನ ಹಣ್ಣನ್ನು ನೆಚ್ಚಿಕೊಂಡ ಮನೆತನಕ್ಕೆ ಅದು ಎಂಥ ಪೆಟ್ಟು ಎಂಬುದನ್ನು ಮಳೆಗೆ ಗೊನೆ ಉದುರಿದ ಅಡಿಕೆ ಬೆಳೆಗಾರರಿಗೆ ಯಾರೂ ವಿವರಿಸಬೇಕಿಲ್ಲ. ನೂರು ಆಸ್ಟ್ರೇಲಿಯನ್ ಡಾಲರಿಗೂ ಮೀರಿದ ಬಾಟಲಿಯ ಬೆಲೆಯಲ್ಲಿ ಹೆಸರಿನ ಪಾಲು ಖಂಡಿತ ಇದೆ, ಫ್ರೆಂಚ್ ಓಕ್ ಪೀಪಾಯಿಯ ಪಾಲೂ ಇದೆ. ಬರದೇ ಹೋದ ವರ್ಷಗಳ ಪಾಲೂ ಅದರಲ್ಲೇ ಅಡಗಿದೆ.

ಇಷ್ಟು ಓದಿದವರಿಗೆ ಸಹಜವಾಗಿ ಬರುವ ಪ್ರಶ್ನೆ: ಮೆಣಸಿನ ನಾಡಾದ ನಮ್ಮಲ್ಲಿ ಇಂಥದ್ದು ಆಗುವುದಿಲ್ಲವೇ? ಕರ್ನಾಟಕದಲ್ಲಿ ಶಿರಾಜ್ ಇದೆ. ನಂದಿಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಬಳಿ, ಗ್ರೋವರ್ ಕುಟುಂಬ 1988ರಲ್ಲಿ ಶುರು ಮಾಡಿದ ವೈನರಿ ಫ್ರೆಂಚ್ ತಜ್ಞರನ್ನು ಕರೆಸಿ ಫ್ರೆಂಚ್ ತಳಿಗಳನ್ನು ಬೆಳೆಸಿತು. ಅವರ ಹೆಸರಾಂತ ‘ಲಾ ರಿಸರ್ವ್’ ಕ್ಯಾಬರ್ನೆ ಮತ್ತು ಶಿರಾಜ್ ಸೇರಿದ್ದು. ಹಂಪಿಯ ಸುತ್ತಿನ ಗುಡ್ಡಗಳಲ್ಲಿ ಕೃಷ್ಮಾ ಎಸ್ಟೇಟ್ ಇದೆ. 2007ರ ವೈನ್ ನೀತಿ, ಅದರ ಬೆನ್ನಿಗೆ ಬಂದ ವೈನ್ ಮಂಡಳಿ ಎಲ್ಲವೂ ಇವೆ. ಎತ್ತರವೂ ಇದೆಯಲ್ಲ, ಬೆಂಗಳೂರಿನ ಹವೆ ತಂಪಲ್ಲವೇ ಎನ್ನಬಹುದು.

ತೊಡಕಿರುವುದು ಎತ್ತರದಲ್ಲಲ್ಲ, ಪಂಚಾಂಗದಲ್ಲಿ. ನಮ್ಮ ಸೀಮೆಯಲ್ಲಿ ದ್ರಾಕ್ಷಿ ಬಳ್ಳಿಗೆ ಎಲೆಯುದುರಿಸಿ ಮಲಗುವಷ್ಟು ಚಳಿಗಾಲವೇ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಸವರಬೇಕು. ವಿಜಯಪುರದ ಕಡೆಯವರು ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎನ್ನುತ್ತಾರಲ್ಲ, ಅದು. ಮೊದಲನೆಯದು ಬಳ್ಳಿ ಬೆಳೆಯಲು, ಎರಡನೆಯದು ಹಣ್ಣಿಗೆ. ಮಳೆಗಾಲ ಮುಗಿಯುವ ಹೊತ್ತಿಗೆ ಸವರಿದ ಬಳ್ಳಿ ಡಿಸೆಂಬರ್–ಜನವರಿಯ ತಂಪಿನಲ್ಲಿ ಕಾಯಿ ಕಟ್ಟಿ, ಫೆಬ್ರವರಿ–ಮಾರ್ಚಿನಲ್ಲಿ ಹಣ್ಣಾಗುತ್ತದೆ. ಮರಂಬೇಟ್‌ಮನ್ನಿನಲ್ಲೂ ಕೊಯ್ಲು ಮಾರ್ಚಿನ ಸುಮಾರಿಗೇ. ತಿಂಗಳು ಒಂದೇ, ಹವೆಯ ನಡೆ ಮಾತ್ರ ಉಲ್ಟಾ. ಅಲ್ಲಿ ಜನವರಿಯ ಉರಿಬಿಸಿಲು ಕಳೆದು, ಹಣ್ಣು ಮಾಗುವ ಕೊನೆಯ ವಾರಗಳಲ್ಲಿ ದಿನದಿನಕ್ಕೂ ಚಳಿ ಏರುತ್ತ ಬರುತ್ತದೆ. ಇಲ್ಲಿ ಶಿವರಾತ್ರಿ ಕಳೆಯಿತೆಂದರೆ ಚಳಿ ಶಿವಶಿವಾ ಎಂದು ಹೊರಟುಹೋಗಿ, ಹಣ್ಣು ಕೊನೆಯ ಘಟ್ಟಕ್ಕೆ ಬರುವಾಗ ಬಿಸಿಲು ಏರುತ್ತಿರುತ್ತದೆ. ಸಿಪ್ಪೆಗೆ ಮೆಣಸು ಕೂಡಿಕೊಳ್ಳುವುದು ಆ ಕೊನೆಯ ಘಟ್ಟದಲ್ಲಿ ಎಂಬುದನ್ನು ನೆನೆದರೆ, ವರ್ಷದ ಸರಾಸರಿ ಉಷ್ಣತೆ ನೋಡಿ ‘ನಮ್ಮದೂ ಕೂಲ್ ಕ್ಲೈಮೇಟ್’ ಎಂದು ಲೇಬಲ್ಲಿನ ಮೇಲೆ ಹಾಕಿಕೊಳ್ಳುವುದು ಎಷ್ಟು ಪೊಳ್ಳು ಎಂದು ತಿಳಿಯುತ್ತದೆ. ನಂದಿಯ ಶಿರಾಜ್ ಕಳಿತ ಹಣ್ಣಿನ, ಮೃದು ಒಗರಿನ ವೈನ್ ಆಗಿಯೇ ಚೆನ್ನ. ಅದನ್ನು ಕೋತ್-ರೋತಿಯ ಅಳತೆಗೆ ಹಿಗ್ಗಿಸಿ ಕುಗ್ಗಿಸುವ ಬದಲು, ಏರುಬಿಸಿಲಿನಲ್ಲಿ ಹುಳಿ ಉಳಿಸಿಕೊಳ್ಳುವ ತಳಿಗಳನ್ನು ಹುಡುಕುವುದು ಹೆಚ್ಚು ಫಲ ಕೊಟ್ಟೀತು. ಕೃಷ್ಮಾದವರು ಇಟಲಿಯ ಸಾಂಜೊವೇಸೆ ನೆಟ್ಟದ್ದು ನನಗೆ ಆ ಕಾರಣಕ್ಕೇ ಹಿಡಿಸುತ್ತದೆ.

ಹಾಗಾದರೆ ಮೆಣಸಿನ ಸಿರಾ ಬೇಕೆಂದವರು ಆಮದಿನ ಬಾಟಲಿಗೇ ಕೈ ಹಾಕಬೇಕು, ಕಿಸೆಗೂ. ಭಾರತ–ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಗೆ ಬಂದಾಗ ವೈನಿನ ಮೇಲಿದ್ದ ಶೇ 150ರ ಆಮದು ಸುಂಕ ಇಳಿಯತೊಡಗಿತು. ಅದರಲ್ಲೊಂದು ವಿಚಿತ್ರ ಮೆಟ್ಟಿಲಿದೆ: ಬಾಟಲಿಗೆ 5 ಅಮೆರಿಕನ್ ಡಾಲರಿಗಿಂತ ಮೇಲಿನ ಆಮದು ಬೆಲೆಯ ವೈನಿಗೆ ಸುಂಕ ಶೇ 100ಕ್ಕೆ ಇಳಿದು ಹತ್ತು ವರ್ಷದಲ್ಲಿ 50ಕ್ಕೆ ಬರುತ್ತದೆ, 15 ಡಾಲರಿಗಿಂತ ಮೇಲಿನದಕ್ಕೆ ಶೇ 75ಕ್ಕೆ ಇಳಿದು ಅದೇ ಅವಧಿಯಲ್ಲಿ 25ಕ್ಕೆ ಬರುತ್ತದೆ. ಅಂದರೆ ದುಬಾರಿ ವೈನಿಗೆ ರಿಯಾಯಿತಿ ಹೆಚ್ಚು. ಅಗ್ಗದ ಆಮದಿನಿಂದ ನಾಸಿಕ್, ನಂದಿಯ ಬೆಳೆಗಾರರನ್ನು ಕಾಪಾಡುವ ಲೆಕ್ಕಾಚಾರ ಅದು, ತಪ್ಪೇನಲ್ಲ. ಅದರ ಮೇಲೆ ರಾಜ್ಯದ ಅಬಕಾರಿ ಸುಂಕ ಬೀಳುವುದರಿಂದ ಅಂಗಡಿಯ ಚೀಟಿ ನೋಡಿ ಮೂರ್ಛೆ ಹೋಗುವುದು ತಪ್ಪಿತು ಎಂದೇನೂ ಅಂದುಕೊಳ್ಳಬೇಡಿ. ಕ್ಲೊನಕಿಲ್ಲವೇ ಆಗಬೇಕೆಂದಿಲ್ಲ. ಫ್ರಾನ್ಸಿನ ಕ್ರೋಜ್-ಎರ್ಮಿತಾಜ್ ಎಂಬ ಚೀಟಿಯ ಬಾಟಲಿಗಳು ಅದೇ ರೋನ್ ಕಣಿವೆಯವು, ಬೆಲೆ ಎಷ್ಟೋ ಕಡಿಮೆ. ನ್ಯೂಜಿಲೆಂಡಿನ ಹಾಕ್ಸ್ ಬೇ ಸಿರಾದಲ್ಲೂ ಮೆಣಸು ಧಾರಾಳ.

ಊಟದ ಜೊತೆ? ಕೊಡಗಿನ ಪಂದಿಕರಿಗೆ ಇದು ಒದಗುತ್ತದೆ ಎಂದು ಹೇಳುವವರಿದ್ದಾರೆ, ಎರಡರಲ್ಲೂ ಮೆಣಸಿದೆ ಎಂಬ ತರ್ಕದಿಂದ. ಕಾಚಂಪುಳಿಯ ಹುಳಿ ಗಟ್ಟಿಯಾಗಿದ್ದರೆ ವೈನ್ ಸಪ್ಪೆಯಾಗುತ್ತದೆ ಎಂಬುದು ನನ್ನ ಅನಿಸಿಕೆ. ಹುಳಿ ಕಡಿಮೆ ಹಾಕಿ ಮೆಣಸಿನಲ್ಲೇ ಹುರಿದ ಮಾಂಸ ಲೇಸು. ಮಾಂಸ ತಿನ್ನದವರಿಗೆ ಬೆಣ್ಣೆಯಲ್ಲಿ ಹುರಿದ ಅಣಬೆ. ಒಣಮೆಣಸಿನಕಾಯಿಯ ಖಾರ ಮಾತ್ರ ಬೇಡ, ವೈನಿನ ಆಲ್ಕೋಹಾಲನ್ನು ಅದು ನಾಲಗೆಯ ಮೇಲೆ ಬೆಂಕಿಯಾಗಿಸುತ್ತದೆ.

ಇನ್ನು ಕೆಂಪು ವೈನನ್ನು ಫ್ರಿಜ್ಜಿನಲ್ಲಿ ಇಡಬಾರದು, ‘ರೂಮ್ ಟೆಂಪರೇಚರ್’ನಲ್ಲೇ ಕುಡಿಯಬೇಕು ಎಂಬ ಶಾಸ್ತ್ರ. ಆ ರೂಮು ಕಲ್ಲುಗೋಡೆಯ ಫ್ರೆಂಚ್ ಮನೆಯದು, 16ರಿಂದ 18 ಡಿಗ್ರಿಯದು. ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಹೋಟೆಲಿನವರು ಅಲಂಕಾರಕ್ಕೆಂದು ದೀಪದ ಕೆಳಗೆ ಜೋಡಿಸಿಟ್ಟ ಬಾಟಲಿಯನ್ನು ಹಾಗೇ ತಂದು ಸುರಿದರೆ ಮೊದಲು ಮೂಗಿಗೆ ಬರುವುದು ಸ್ಪಿರಿಟ್ಟು. ನ್ಯಾನೊಗ್ರಾಂ ಲೆಕ್ಕದ ಘಮ ಅದರಡಿ ಹೂತುಹೋಗುತ್ತದೆ. ನಾನು ಐಸ್ ಹಾಕಿದ ಬಕೆಟ್ ಕೇಳುತ್ತೇನೆ. ‘ಸರ್, ಇದು ರೆಡ್ ವೈನ್’ ಎಂದು ಪರಿಚಾರಕರು ಮೆಲ್ಲಗೆ ತಿದ್ದಲು ಬರುತ್ತಾರೆ. ಹೌದು ಎಂದು ತಲೆಯಾಡಿಸಿ, ಬಕೆಟ್ ತರಿಸಿಕೊಳ್ಳಿ. ಮನೆಯಲ್ಲಾದರೆ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಟ್ಟು ತೆಗೆದರೆ ಸಾಕು.